ಕೀಬೋರ್ಡಿಗೊಂದು ಕೋಟಿನ ಬಟನ್

ತಿರುಗುವ, ಒತ್ತುವ, ಕುಣಿಯುವ ಯಾವ ವಸ್ತುವೇ ಇರಲಿ, ಒಂದು ತೊಟ್ಟು ಮೆಷಿನ್ ಎಣ್ಣೆ ಬಿಟ್ಟರೆ ಅದು ತನ್ನ ಮಾತು ಕೇಳದೆ ಇರದು ಎಂದು ಲೋಕನಾಥ ಆ ಭಾನುವಾರ ನೀರುದೋಸೆಯ ಎದುರು ಕುಳಿತು ಸಾರಿದ. ಫಳ್ನೀರಿನಲ್ಲಿ ಹೊಲಿಗೆ ಮೆಷಿನ್ ರಿಪೇರಿಯ ಅಂಗಡಿ ಇಟ್ಟವನಿಗೆ ಅಷ್ಟು ಹಮ್ಮು ಇರಬೇಕಾದದ್ದೇ.

ಹೆಂಡತಿ ಸ್ವರ್ಣಲತಾ ನೋಯುವ ಬೆರಳುಗಳನ್ನು ನೀವಿಕೊಂಡಳು. ಮರುದಿನ ಅವಳ ಆಫೀಸಿನಲ್ಲಿ ಪರೀಕ್ಷೆ. ಅಲ್ಲಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದಕ್ಕೆಂದೇ ಒಂದು ಎ.ಸಿ. ಕೋಣೆ, ಒಳಹೋಗುವವರು ದೇವರ ಕೋಣೆಗೆ ಹೋದಂತೆ ಚಪ್ಪಲಿ ಹೊರಗೆ ಬಿಡಬೇಕು. ತಪ್ಪಿಲ್ಲದೆ ವೇಗವಾಗಿ ಟೈಪ್ ಮಾಡಿದವರಿಗೆ ಆ ಕೋಣೆಯ ಕುರ್ಚಿ. ಅಭ್ಯಾಸಕ್ಕೆಂದು ಅವಳ ತಮ್ಮ ನಿತ್ಯಾನಂದ ಬಹರೈನಿನಿಂದ ಒಂದು ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದ. ಟಿ.ವಿ.ಗೆ ಸಿಕ್ಕಿಸಿ ಕೀ ಒತ್ತಿದರೆ ಅಕ್ಷರ ಪರದೆಯಲ್ಲಿ ಮೂಡುತ್ತಿತ್ತು. ಆದರೆ ಬೋಳಾರದ ಉಪ್ಪುಗಾಳಿಗೆ ಕೀಗಳು ಬಿಗಿದು ಕಲ್ಲಾಗಿದ್ದವು.

"ಮಂಗಳಾದೇವಿಗೆ ಹೋಗಿ, ಹಾಗೇ ತೊಕ್ಕೊಟ್ಟಿನ ಅಕ್ಕನನ್ನೂ ಕಂಡು ಬರ್ತೇನೆ. ಅದನ್ನು ಮುಟ್ಬೇಡಿ ಮಾರಾಯ್ರೆ."

"ಮುಟ್ಟುವುದು ಎಂತಕ್ಕೆ? ನೋಡ್ತೇನೆ ಅಷ್ಟೆ."

ಅವಳು ಗೇಟು ದಾಟಿದ್ದೇ ತಡ, ಲೋಕನಾಥ ಸ್ಕ್ರೂಡ್ರೈವರ್ ಹಿಡಿದು ನೋಡತೊಡಗಿದ. ನೋಡಿ ಬೆರಗಾದ. ಪ್ರತಿ ಅಕ್ಷರದ ಟೊಪ್ಪಿಯ ಕೆಳಗೊಂದು ಸ್ವಿಚ್ಚು, ಅದರ ಹೊಟ್ಟೆಯಲ್ಲಿ ಕೂದಲೆಳೆಯಂಥ ಸ್ಪ್ರಿಂಗು. ನಿದ್ದೆಯಲ್ಲಿರುವ ಕೂಸಿನ ಎದೆಯಂತೆ ಇಳಿದು ಏಳುತ್ತಿತ್ತು ಅದು. ಅವನು ಉಸಿರು ಬಿಗಿಹಿಡಿದು ಒಂದೊಂದು ಸ್ಪ್ರಿಂಗನ್ನೂ ಒಂದು ಸುತ್ತು ಕತ್ತರಿಸಿ, ಸೂಜಿಯ ಮೊನೆಯಿಂದ ಎಣ್ಣೆ ಮುಟ್ಟಿಸಿ ಕೂರಿಸಿದ. ಅಲ್ಲಿಗೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಟೊಪ್ಪಿಗಳು ಕೊಳೆಯಾಗಿ ಕಂಡವು. ಸೋಪಿನಲ್ಲಿ ತೊಳೆದು, ತಾರಸಿಯಲ್ಲಿ ತಾಯಿ ಗುಣವತಿ ಹಲಸಿನ ಹಪ್ಪಳ ಹರಡಿದ್ದ ಚಾಪೆಯ ಅಂಚಿಗೇ ಒಣಗಲು ಇಟ್ಟ. ತಾಯಿ ಕೋಲು ಹಿಡಿದು ಕಾವಲಿದ್ದರು. ಕಾಗೆ ಬಂತು. ಹಪ್ಪಳಗಳನ್ನು ಒಮ್ಮೆ ನೋಡಿ, ಬೇಡವೆಂದು, ಎಲ್ ಅಕ್ಷರವನ್ನು ಕಚ್ಚಿಕೊಂಡು ಹಾರಿತು.

"ಓಡಿಸುವುದಲ್ವಾ ಅಮ್ಮಾ?"

"ಹಪ್ಪಳ ಮುಟ್ಟಿದ್ರೆ ಓಡಿಸ್ತಿದ್ದೆ. ಅದು ನಿನ್ನದಲ್ವಾ?"

ಉಳಿದವುಗಳನ್ನು ಜೋಡಿಸಲು ಕುಳಿತಾಗ ಯಾವುದು ಎಲ್ಲಿತ್ತೆಂಬುದು ನೆನಪಿರಲಿಲ್ಲ. ನೆನಪಾದಷ್ಟೂ ಅದೊಂದು ಅವ್ಯವಸ್ಥೆ; ಕ್ಯೂ ಮೊದಲು, ಎ ಎಲ್ಲೋ ಕೆಳಗೆ. ಪರದೇಶದವರ ಉದಾಸೀನ, ಪಾಪ ಹುಡುಕಿ ಹುಡುಕಿಯೇ ಇವಳ ಬೆರಳು ಸೋತಿರಬೇಕು ಎಂದು ಮರುಗಿ, ಶಾಲೆಯಲ್ಲಿ ಕಲಿತಂತೆ ಎ, ಬಿ, ಸಿ, ಡಿ ಎಂದು ಸಾಲಾಗಿ ಕೂರಿಸಿದ. ಕೊನೆಯಲ್ಲಿ ಉಳಿದ ಖಾಲಿ ಜಾಗಕ್ಕೆ ಒಂದು ಕಪ್ಪು ಕೋಟಿನ ಬಟನ್ ಅಂಟಿಸಿದ.

ಟಿ.ವಿ. ಹಚ್ಚಿ ಎ ಒತ್ತಿದ. ಕ್ಯೂ ಮೂಡಿತು. ಬಿ ಒತ್ತಿದ. ಡಬ್ಲ್ಯೂ. ಎಣ್ಣೆ ಒಳಗಿಳಿದು ಅಕ್ಷರಗಳನ್ನೆಲ್ಲ ಕಲಸಿಬಿಟ್ಟಿದೆ! ನಾಳೆಯ ಪರೀಕ್ಷೆ, ಎ.ಸಿ. ಕೋಣೆಯ ಕುರ್ಚಿ ಎಲ್ಲ ತನ್ನ ಸೂಜಿಮೊನೆಯಲ್ಲಿ ಮುಳುಗಿತೆಂದು ಅವನು ತಲೆಯ ಮೇಲೆ ಕೈಹೊತ್ತ.

ಅಷ್ಟರಲ್ಲಿ ಸ್ವರ್ಣಲತಾ ಬಂದಳು. ಪ್ರಸಾದ ಕೈಗಿಟ್ಟವಳೇ ಯಂತ್ರದ ಮುಂದೆ ಕುಳಿತಳು. ಅವನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಬಾಯಿ ತೆರೆದೇ ಉಳಿಯಿತು.

ಅವಳ ಕಣ್ಣು ಪಕ್ಕದ ಕಾಗದದ ಮೇಲಿತ್ತು. ಬೆರಳುಗಳು ಬೇರೆಲ್ಲೋ, ತಮ್ಮದೇ ಬೆಳಕಿನಲ್ಲಿ ಓಡಾಡುತ್ತಿದ್ದವು. ಕೈಕೆಳಗೆ ಎ, ಬಿ, ಸಿ, ಡಿ. ಪರದೆಯ ಮೇಲೆ ಒಂದು ತಪ್ಪೂ ಇಲ್ಲದ ಇಂಗ್ಲಿಷು, ಸಾಲಿನ ಹಿಂದೆ ಸಾಲು. ಹೊಲಿಗೆ ಮೆಷಿನ್ನಿನ ಸೂಜಿ ಬಟ್ಟೆಯಲ್ಲಿ ಓಡುವುದನ್ನು ಬದುಕಿಡೀ ಕಂಡವನು ಅವನು. ಸೂಜಿಗೆ ದಾರಿ ತೋರಿಸಲು ಕೈಯೊಂದು ಬೇಕು. ಈ ಬೆರಳುಗಳಿಗೆ ಯಾರೂ ಬೇಕಿರಲಿಲ್ಲ. ದಿನವೂ ತನಗೆ ಅನ್ನ ಬಡಿಸುವ ಬೆರಳುಗಳೇ ಇವು ಎಂದು ಅವನಿಗೆ ನಂಬಲಾಗಲಿಲ್ಲ.

ತಟ್ಟನೆ ಒಂದು ಬೆರಳು ನಿಂತಿತು.

"ಇದು ಯಾರ ಕೋಟಿನ ಬಟನ್?" ಎಂದು ಅವಳು ಮೊದಲ ಸಲ ಕೆಳಗೆ ನೋಡಿದಳು. ಎ, ಬಿ, ಸಿ, ಡಿ. ಬಹಳ ಹೊತ್ತು ನೋಡಿದಳು.

"ಎಣ್ಣೆಯಿಂದ ಅಕ್ಷರ ಎಲ್ಲ ಕಲಸಿಹೋಯ್ತು, ಸ್ವರ್ಣಾ."

"ಅಕ್ಷರ ಟೊಪ್ಪಿಯಲ್ಲಿ ಉಂಟಾ? ಅದು ಕೆಳಗಿನ ಸ್ವಿಚ್ಚಿನಲ್ಲಿ ಇರುವುದು. ಅಲ್ಲ, ಇದನ್ನು ನೋಡಿ ಯಾರು ಹೊಡೀತಾರೆ?"

"ಹಾಗಾದ್ರೆ ಯಾವುದು ಎಲ್ಲಿ ಹೇಳು, ಸರಿಮಾಡ್ತೇನೆ."

ಅವಳು ಯೋಚಿಸಿದಳು. ಗಾಳಿಯಲ್ಲಿ ಬೆರಳಾಡಿಸಿ ನಕ್ಕಳು. "ಕೈಗೆ ಗೊತ್ತುಂಟು, ಬಾಯಿಗೆ ಗೊತ್ತಿಲ್ಲ. ಸ್ಪ್ರಿಂಗು ಮಾತ್ರ ಬೆಣ್ಣೆಯ ಹಾಗೆ ಆಗಿದೆ. ಬೆರಳು ನೋಯುವುದೇ ಇಲ್ಲ. ಇನ್ನು ಮುಟ್ಟಿದ್ರೆ ಜೋಕೆ."

ಮರುದಿನ ಪರೀಕ್ಷೆ ಗೆದ್ದು ಸ್ವರ್ಣಲತಾ ಎ.ಸಿ. ಕೋಣೆಯ ಹೊರಗೆ ಚಪ್ಪಲಿ ಬಿಟ್ಟಳು.

ಕೀಬೋರ್ಡು ಹಾಗೆಯೇ ಉಳಿಯಿತು. ಒಂದು ಸಂಜೆ ತನ್ನ ಹೆಸರು ಟಿ.ವಿ.ಯಲ್ಲಿ ಹೇಗೆ ಕಾಣುತ್ತದೆಂದು ನೋಡುವ ಆಸೆಯಿಂದ ಲೋಕನಾಥ ಒಂಟಿ ಬೆರಳು ಎತ್ತಿ ಕುಳಿತ. ಮೊದಲ ಅಕ್ಷರವೇ ಕಾಗೆಯ ಗೂಡಿನಲ್ಲಿತ್ತು. ಓ ಒತ್ತಿದರೆ ಎಫ್ ಬಂತು.

ಸ್ವರ್ಣಲತಾ ಅತ್ತೆಯೊಂದಿಗೆ ಮೀನಿನ ಸುದ್ದಿ ಮಾತಾಡುತ್ತ, ಇತ್ತ ತಿರುಗಿಯೂ ನೋಡದೆ, ಅವನ ಹೆಗಲ ಮೇಲಿನಿಂದ ಕೈ ಚಾಚಿದಳು. ಪರದೆಯಲ್ಲಿ ಅವನ ಹೆಸರು ತಪ್ಪಿಲ್ಲದೆ ಮೂಡಿತು.