ಗೋಲು ಕಂಬದ ಬಳಿ ಮಾವನಿಗೊಂದು ಔತಣ

ಸೌದಿಯ ದಮ್ಮಾಮಿನಲ್ಲಿ ಹದಿನಾಲ್ಕು ವರ್ಷ ಕಳೆದವನಿಗೆ ಒಂದು ಪಿಕ್‌ನಿಕ್ ಏರ್ಪಡಿಸುವುದು ಯಾವ ಮಹಾ ಕೆಲಸ? ಹೀಗೆಂದು ನಾನು ಎದೆ ತಟ್ಟಿಕೊಂಡದ್ದು ನಿಜ.

ನನ್ನ ಮಾವ ಅಬ್ಬಾಸ್ ಮಾಸ್ಟ್ರು ಬಂಟ್ವಾಳದ ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರಾಗಿ ನಿವೃತ್ತರಾದವರು. ವಿಸಿಟ್ ವೀಸಾದಲ್ಲಿ ಬಂದು ಎರಡು ತಿಂಗಳಾಗಿತ್ತು. ಪಿಕ್‌ನಿಕ್ಕಿನ ಮರುದಿನವೇ ಊರಿಗೆ ವಿಮಾನ. ಈ ಎರಡು ತಿಂಗಳಲ್ಲಿ ನನ್ನ ಬಗ್ಗೆ ಅವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಮದುವೆಯಾದ ಹನ್ನೊಂದು ವರ್ಷಗಳಲ್ಲೂ ಬಂದಿರಲಿಲ್ಲ ಎಂಬುದು ಬೇರೆ ವಿಷಯ! ಅವರು ವಿಮಾನ ಹತ್ತುವ ಮೊದಲು ಆ ಒಂದು ಮಾತನ್ನು ಗಿಟ್ಟಿಸಲೇಬೇಕೆಂದು ಹಟ ತೊಟ್ಟೆ.

ಅದಕ್ಕೆ ಆರಿಸಿದ ಸ್ಥಳ, ಹಿಂದೆ ದೇಶ ವಿದೇಶದ ತಂಡಗಳು ಆಡುತ್ತಿದ್ದ ಕ್ರೀಡಾಂಗಣ. ಈಗ ಅದು ಸಾರ್ವಜನಿಕ ಉದ್ಯಾನ. ಗ್ಯಾಲರಿಯ ಮೆಟ್ಟಿಲುಗಳ ಮೇಲೆ ಹೂಕುಂಡಗಳು, ಮೈದಾನದ ತುಂಬ ಚಾಪೆ ಹಾಸಿ ಕೂತ ಕುಟುಂಬಗಳು. ನೆನಪಿಗೆಂದು ಗೋಲು ಕಂಬಗಳನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.

ಪಕ್ಕದ ಫ್ಲಾಟಿನ ಹಮೀದ್ ಧಾರಾಳವಾಗಿ ಹೇಳಿದ್ದ: "ನಾವು ಬೇಗ ಹೋಗಿ ಗೋಲು ಕಂಬದ ಹತ್ರ ಚಾಪೆ ಹಾಕಿರ್ತೇವೆ. ನೆಯ್ಚೋರು, ಕೋಳಿ ಎಲ್ಲ ನಮ್ದೇ. ನೀನು ಮಾವನನ್ನು ಕರ್ಕೊಂಡು ಬಾ, ಸಾಕು." ನೆಯ್ಚೋರೆಂದರೆ ನಮ್ಮೂರ ಕಡೆಯ ತುಪ್ಪದನ್ನ.

ದಾರಿಯ ಮಸೀದಿಯಲ್ಲಿ ಮುಸ್ಸಂಜೆಯ ಮಗ್ರಿಬ್ ನಮಾಜ್ ಮಾಡಿ, ಆಗ ಸದ್ದಡಗಿಸಿದ ಫೋನನ್ನು ಜೇಬಿನಲ್ಲೇ ಮರೆತು, ಉದ್ಯಾನಕ್ಕೆ ಬಂದೆವು. ಓಟದ ಟ್ರ್ಯಾಕ್ ಕಂಡದ್ದೇ ಮಾವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. "ಎಂಥಾ ಟ್ರ್ಯಾಕ್ ಮಾರಾಯ! ನಾನು ಸುಣ್ಣದ ಗೆರೆ ಎಳೆದು ಎಳೆದೇ ರಿಟೈರ್ ಆದವ" ಎಂದು ಬರಿಗಾಲಲ್ಲಿ ಒಂದು ಸುತ್ತು ನಡೆದರು. ಅರ್ಧ ಕೆಲಸ ಆಯಿತೆಂದು ನಾನು ಹಿಗ್ಗಿದೆ.

ಗೋಲು ಕಂಬದ ಬಳಿ ಕೆಂಪು ಜಮಖಾನ ಹಾಸಿತ್ತು. ಮುಚ್ಚಿಟ್ಟ ದೊಡ್ಡ ತಟ್ಟೆ, ಖರ್ಜೂರ, ಫ್ಲಾಸ್ಕು. ಜನ ಮಾತ್ರ ಇಲ್ಲ.

"ಹಮೀದ್ ಎಲ್ಲಿ?" ಎಂದಳು ನನ್ನ ಹೆಂಡತಿ ಸಫಿಯಾ.

"ಮಕ್ಕಳನ್ನು ಜಾರುಬಂಡಿಗೆ ಕರ್ಕೊಂಡು ಹೋಗಿರ್ಬೇಕು. ಕೂತ್ಕೊಳ್ಳಿ, ಕೂತ್ಕೊಳ್ಳಿ!"

ಅವಳು ತಟ್ಟೆಯ ಮುಚ್ಚಳ ಸರಿಸಿದಳು. "ಇದು ನೆಯ್ಚೋರು ಅಲ್ವಲ್ಲ, ಕಬ್ಸಾ. ಅರಬಿಗಳ ಅಡುಗೆ!"

"ನಿನ್ನ ಅಪ್ಪನಿಗಾಗಿ ಸ್ಪೆಷಲ್ ಮಾಡ್ಸಿದ್ದು."

"ಮತ್ತೆ ಈ ಊರುಗೋಲು?"

"ಹಮೀದನಿಗೆ ಮೊಣಕಾಲು ನೋವುಂಟಲ್ಲ!" ಹಮೀದ್ ಅದೇ ವಾರ ವಾಲಿಬಾಲ್ ಆಡಿದ್ದ.

ಅವನು ಬರುವಷ್ಟರಲ್ಲಿ ತಣ್ಣಗಾಗುತ್ತದೆಂದು ನಾನೇ ಬಡಿಸಿದೆ. ತಟ್ಟೆ ಮುಕ್ಕಾಲು ಖಾಲಿಯಾಯಿತು. ಮಾವ ಬೆರಳು ನೆಕ್ಕಿ, "ಊಟ ಲಾಯ್ಕುಂಟು" ಎಂದರು. ಮೆಚ್ಚುಗೆ ಊಟದವರೆಗೆ ಬಂದಿದೆ, ಇನ್ನೇನು ನನ್ನವರೆಗೆ ಬಂದೇ ಬಿಟ್ಟಿತು!

ಅಷ್ಟರಲ್ಲಿ ಬಿಳಿ ಗಡ್ಡದ ಸೌದಿ ಅಜ್ಜರೊಬ್ಬರು, ಜೊತೆಗೊಬ್ಬ ಅಜ್ಜಿ, ಬಂದು ನಮ್ಮನ್ನೇ ನೋಡುತ್ತ ನಿಂತರು. ಪಾಪ, ಕೂರಲು ಜಾಗವಿಲ್ಲ ಅಂದುಕೊಂಡೆ. ಮಾವನೆದುರು ದೊಡ್ಡ ಮನಸ್ಸು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, "ತಫದ್ದಲ್!" ದಯಮಾಡಿಸಿ ಎಂದೆ.

ಅಜ್ಜ ತಟ್ಟೆಯನ್ನು ನೋಡಿದರು. ಅಜ್ಜಿಯನ್ನು ನೋಡಿದರು. ನಗುತ್ತಾ ಕೂತರು. ನಾನು ಉಳಿದ ಅನ್ನ ಬಡಿಸಿ, ಸಂಕೋಚ ಬೇಡ, ನಿಮ್ಮ ಮನೆ ಎಂದೇ ತಿಳಿಯಿರಿ ಎಂದು ನನ್ನ ಹರಕು ಅರಬಿಯಲ್ಲಿ ಉಪಚರಿಸಿದೆ. ಅವರು "ಶುಕ್ರನ್, ಶುಕ್ರನ್" ಎಂದು ಧನ್ಯವಾದ ಹೇಳುತ್ತ ಉಂಡರು. ಅಜ್ಜಿ ಮೂಲೆಯ ಬುಟ್ಟಿಗೆ ಕೈ ಹಾಕಿ ಕಾಫಿ ಕಪ್ಪುಗಳನ್ನು ತೆಗೆದು ಎಲ್ಲರಿಗೂ ಹೊಯ್ದುಕೊಟ್ಟರು.

ಸಫಿಯಾ ಬಿಳಿಚಿಕೊಂಡಳು. "ಆ ಅಜ್ಜಿಗೆ ಕಪ್ಪು ಎಲ್ಲುಂಟು ಅಂತ ಹೇಗೆ ಗೊತ್ತಾಯ್ತು?"

ಜೇಬಿನಿಂದ ಫೋನ್ ತೆಗೆದೆ. ಹಮೀದನ ಹನ್ನೆರಡು ಕರೆಗಳು! ಹದಿಮೂರನೆಯದು ಅದೇ ಕ್ಷಣ ಬಂತು.

"ಎಲ್ಲಿದ್ದಿ ಮಾರಾಯ? ನೆಯ್ಚೋರು ತಣ್ಣಗಾಯ್ತು! ಗೋಲು ಕಂಬದ ಹತ್ರವೇ ಇದ್ದೇವೆ!"

ತಲೆಯೆತ್ತಿದೆ. ಕಾರಂಜಿಯ ಆಚೆ, ಮೈದಾನದ ಇನ್ನೊಂದು ತುದಿಯಲ್ಲಿ, ಇನ್ನೊಂದು ಗೋಲು ಕಂಬ. ಅದರಡಿ ಟವೆಲ್ ಬೀಸುತ್ತಿರುವ ಹಮೀದ್!

ಮಾವನಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. "ಒಂದೇ ಗೋಲಿನ ಮೈದಾನ ಎಲ್ಲಿಯಾದ್ರೂ ಉಂಟಾ? ಐದನೇ ಕ್ಲಾಸಿನ ಮಕ್ಳಿಗೂ ಗೊತ್ತಿರ್ತದೆ!" ಎಂದರು.

ನಾನು ಅಜ್ಜನ ಮುಂದೆ ಕೈಜೋಡಿಸಿ ತೊದಲಿದೆ. ಅವರು ನನ್ನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಅಷ್ಟು ಪ್ರೀತಿಯಿಂದ ಕರೆದೆ. ಹೇಗೆ ಬೇಡ ಅನ್ನಲಿ? ನೀವು ನಮ್ಮ ಅತಿಥಿಗಳು" ಎಂದರು.

ಆ ಊಟ ಹಿಂದಿನಿಂದ ಬರಲಿದ್ದ ಅವರ ಗಂಡುಮಕ್ಕಳಿಗಾಗಿ ತಂದದ್ದೆಂದು ಆಮೇಲೆ ತಿಳಿಯಿತು. ಹಮೀದನ ನೆಯ್ಚೋರಿನ ಪಾತ್ರೆಯನ್ನು ಅಂತರರಾಷ್ಟ್ರೀಯ ಮೈದಾನದ ಉದ್ದಕ್ಕೂ ತಲೆಯ ಮೇಲೆ ಹೊತ್ತು ತಂದ ಏಕೈಕ ಆಟಗಾರ ನಾನೇ! ಅವರ ಮಕ್ಕಳು ಬಂದರು, ಹಮೀದನ ಮನೆಯವರು ಬಂದರು, ಎಲ್ಲರೂ ಒಂದೇ ಜಮಖಾನದಲ್ಲಿ ಒತ್ತಿಕೊಂಡು ಕೂತು ಉಂಡರು. ಹದಿನಾಲ್ಕು ವರ್ಷದಲ್ಲಿ ನಾನು ಸ್ಥಳೀಯರೊಬ್ಬರ ಜೊತೆ ಕೂತು ಉಂಡದ್ದು ಅದೇ ಮೊದಲು. ಕದ್ದು ತಿಂದವನನ್ನು ನೆಂಟನೆಂದ ಆ ಅಜ್ಜನ ಋಣ ತೀರಿಸಲು ನನ್ನಿಂದಾಗದು.

ಮರುದಿನ ವಿಮಾನ ನಿಲ್ದಾಣದಲ್ಲಿ ಮಾವ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಕಣ್ಣು ಒದ್ದೆಯಾಗಿತ್ತು.

"ಮಗಳನ್ನು ಇಷ್ಟು ದೂರ ಕಳ್ಸಿ ಹನ್ನೊಂದು ವರ್ಷ ನಂಗೆ ಸರಿ ನಿದ್ದೆ ಇರ್ಲಿಲ್ಲ. ಇನ್ನು ಬರ್ತದೆ."

ನನ್ನ ಎದೆ ಉಬ್ಬಿತು. ಬಂತು, ಕೊನೆಗೂ ಬಂತು!

"ನಿನ್ನ ತಲೆ ಓಡುದಿಲ್ಲ, ಅದು ಮೊದ್ಲಿಂದ ಗೊತ್ತುಂಟು" ಎಂದು ಅವರು ನನ್ನ ಭುಜ ತಟ್ಟಿದರು. "ಆದ್ರೆ ನಿನ್ನ ಸುತ್ತಮುತ್ತ ಇರುವವರು ಭಾರೀ ಒಳ್ಳೆಯವರು."

ಹನ್ನೊಂದು ವರ್ಷ ಕಾದು ಗಿಟ್ಟಿಸಿದ ಮೆಚ್ಚುಗೆ. ಅದರಲ್ಲಿ ನನ್ನ ಪಾಲು ಎಷ್ಟೆಂದು ಸಫಿಯಾಳನ್ನು ಕೇಳಿದೆ. ಅವಳು ಮನೆ ಮುಟ್ಟುವವರೆಗೂ ನಗುತ್ತಲೇ ಇದ್ದಳು.