ನೀರಣ್ಣನ ಗಾಡಿ ಮೂರು ಇಂಚು ಬೆಳೆದದ್ದು

ಎಲ್ಲಕ್ಕೂ ಮೂಲ ಒಂದು ಹಂಪು. ಐದು ಮಹಡಿಯ ಆ ಕಚೇರಿಯ ಗೇಟಿನಲ್ಲಿ ಹೊಸದಾಗಿ ಡಾಂಬರು ಸುರಿದು ಮಾಡಿದ್ದ ಹಂಪು. ಕಾರು, ಸ್ಕೂಟರುಗಳೆಲ್ಲ ಅದನ್ನು ಹತ್ತಿಳಿದು ಹೋದವು. ತಿಂಗಳಿಂದ ಅಲ್ಲಿಗೆ ಕುಡಿಯುವ ನೀರು ತರುತ್ತಿದ್ದ ನೀರಣ್ಣನ ಹಳೆಯ ಪಿಕಪ್ ಮಾತ್ರ, ಸೋಮವಾರ ಐವತ್ತು ಕ್ಯಾನ್ ಹೊತ್ತು ಬಂದಾಗ, ಅದರ ಮೇಲೆ ಹೊಟ್ಟೆ ಊರಿ, ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟಿತು. ಹಿಂದೆ ಸಾಲುಗಟ್ಟಿದ ಕಾರುಗಳಿಂದ ಟೈ ಕಟ್ಟಿದವರೆಲ್ಲ ಇಳಿದು ತಳ್ಳಬೇಕಾಯಿತು.

ಕಚೇರಿಯ ಆಡಳಿತ ನೋಡಿಕೊಳ್ಳುವ ಮೇಡಂ ಕನ್ನಡಕದ ಮೇಲಿಂದ ನೋಡಿ, "ಬುಧವಾರ ಇನ್ನೊಂದು ಸಲ ನೋಡ್ತೀನಿ. ಸರಿಯಾಗಿ ಬಂದ್ರೆ ಒಂದು ವರ್ಷಕ್ಕೆ ನಿಮಗೇ ಕೆಲಸ. ಇಲ್ದಿದ್ರೆ ಬೇರೆಯವರು ಕಾಯ್ತಾ ಇದಾರೆ" ಎಂದರು.

ಮನೆಯಲ್ಲಿ ಹೆಂಡತಿ ಅಷ್ಟೂ ಹೇಳಲಿಲ್ಲ. "ಇದೂ ಕೈಬಿಟ್ರೆ ಗಾಡಿ ಮಾರಿ, ನನ್ನ ತಮ್ಮನ ಅಂಗಡಿಗೆ ಸೇರ್ಕೊಳ್ಳಿ" ಎಂದಳು.

ತಮ್ಮನದು ಪ್ಲಾಸ್ಟಿಕ್ ಬಕೆಟ್ ಅಂಗಡಿ. ಅಲ್ಲಿ ಕೆಲಸಕ್ಕಿದ್ದವನು ದಿನವಿಡೀ ಬಾಗಿಲಲ್ಲಿ ನಿಂತು, ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ ಕುಣಿದು, "ಒಡೆಯಲ್ಲ, ಸೀಳಲ್ಲ" ಎಂದು ಕೂಗಬೇಕು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ನೀರಣ್ಣ ಐವತ್ತನೇ ವಯಸ್ಸಿನಲ್ಲಿ ಬಕೆಟ್ಟಿನ ಮೇಲೆ ಕುಣಿಯುವುದನ್ನು ನೆನೆದು, ಅರ್ಧ ಊಟಕ್ಕೇ ತಟ್ಟೆಯಿಂದ ಎದ್ದುಬಿಟ್ಟ.

ಬುಧವಾರ ಬೆಳಕು ಹರಿಯುವಷ್ಟರಲ್ಲಿ ಭಾವಮೈದ ಹಾಜರಾದ. ಅವನ ಅಂಗಡಿಯಲ್ಲಿ ಬಿಟ್ಟಿ ಸಿಗುತ್ತಿದ್ದದ್ದು ಸಲಹೆಯೊಂದೇ.

"ಭಾವ, ನಿಮ್ಮ ಗಾಡಿಗೆ ಬಂದಿರೋ ಕಾಯಿಲೆ ಕುಳ್ಳತನ. ಅದಕ್ಕೆ ಔಷಧಿ ದೊಡ್ಡ ಟೈರು. ನಡೀರಿ!"

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಹೆಂಡತಿ ಒಳಗಿನಿಂದ ಗೊಣಗಿದಳು. ತಮ್ಮನ ಮುಖ ನೋಡಿ ಅಷ್ಟಕ್ಕೇ ಬಿಟ್ಟಳು.

ಟೈರ್ ಅಂಗಡಿಯ ಯಜಮಾನ ಗಾಡಿಯ ಸುತ್ತ ಒಂದು ಸುತ್ತು ಬಂದು ತಲೆ ಕೆರೆದುಕೊಂಡ. "ಇದೇ ಹಳೇ ಚಕ್ರಕ್ಕೆ ಎರಡು ಸೈಜು ದೊಡ್ಡ ಟೈರು ಕೂರುತ್ತೆ. ಆದ್ರೆ ಕೂರೋದು ಬೇರೆ, ತಿರುಗೋದು ಬೇರೆ."

"ಕೂತದ್ದು ತಿರುಗೇ ತಿರುಗುತ್ತೆ. ಹಾಕಿ ನೀವು" ಎಂದ ಭಾವಮೈದ.

ಟೈರು ಕೂತವು. ಗಾಡಿ ಮೊಮ್ಮಗನ ಬೂಟು ಹಾಕಿಕೊಂಡ ತಾತನಂತೆ ಕಂಡಿತು. ಭಾವಮೈದ ಹಳೆಯ ಟೈರುಗಳನ್ನು ಆಟೋಗೆ ತುಂಬಿಕೊಂಡು ಅಂಗಡಿಗೆ ಹೊರಟುಹೋದ. ನೀರಣ್ಣ ಮೊದಲ ತಿರುವಿನಲ್ಲಿ ಬಲಕ್ಕೆ ಹೊರಳಿಸಿದ್ದೇ ತಡ, ಗರ್ ಎಂದು ಟೈರು ಮಡ್‌ಗಾರ್ಡನ್ನು ಕಡಿಯತೊಡಗಿತು. ಎಂದೋ ಗೋಡೆಗೆ ತಾಗಿ ಒಳಕ್ಕೆ ಬಾಗಿದ್ದ ಮಡ್‌ಗಾರ್ಡು. ಎಡಕ್ಕಾದರೆ ತೊಂದರೆಯಿಲ್ಲ, ಬಲಕ್ಕೆ ಮಾತ್ರ ಸಾಧ್ಯವೇ ಇಲ್ಲ. ವಾಪಸ್ ಹೋಗಬೇಕಾದ ಟೈರ್ ಅಂಗಡಿ ಬಲಗಡೆಗಿತ್ತು. ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ ಎಂದು ಊರು ಸುತ್ತುತ್ತ, ಮೂರು ಸಲ ತನ್ನ ಮನೆಯೆದುರೇ ಹಾದುಹೋದ. ಪಕ್ಕದ ಮನೆಯ ದರ್ಜಿ ಮೂರನೇ ಸಲಕ್ಕೆ ಹೊಲಿಗೆ ನಿಲ್ಲಿಸಿ, "ಏನಾದ್ರೂ ಕಳ್ಕೊಂಡ್ರಾ ನೀರಣ್ಣ?" ಎಂದು ಕೂಗಿದ. "ಬುದ್ಧಿ" ಎಂದು ನೀರಣ್ಣ ಹಲ್ಲು ಕಚ್ಚಿ ಮುಂದೆ ಹೋದ.

ಟೈರ್ ಅಂಗಡಿ ಸೇರಿದವನೇ ಭಾವಮೈದನಿಗೆ ಫೋನು ಮಾಡಿದ. "ನನ್ನ ಹಳೇ ಟೈರು ವಾಪಸ್ ತಗೊಂಡು ಬಾರಪ್ಪ."

"ಅಯ್ಯೋ ಭಾವ, ಅಂಗಡಿ ಮುಂದೆ ಬಕೆಟ್ ಜೋಡಿಸೋಕೆ ಸ್ಟ್ಯಾಂಡ್ ಬೇಕಿತ್ತು. ನಾಲ್ಕನ್ನೂ ಅರ್ಧಕ್ಕೆ ಕತ್ತರಿಸಾಯ್ತಲ್ಲ! ಹೆದರಬೇಡಿ. ಗಾಡೀನೇ ಸ್ವಲ್ಪ ಎತ್ತರ ಮಾಡಿಸಿ."

ಬೇರೆ ದಾರಿ ಇರಲಿಲ್ಲ. ಯಜಮಾನ "ಮೊದಲೇ ಹೇಳಿದ್ನಲ್ಲ" ಎನ್ನುತ್ತಲೇ ನಾಲ್ಕೂ ಕಡೆ ಸ್ಪ್ರಿಂಗಿಗೆ ಕಬ್ಬಿಣದ ತುಂಡು ಕೊಟ್ಟು ಗಾಡಿಯನ್ನು ಮೇಲೆತ್ತಿದ. ಈಗ ಬಲಕ್ಕೂ ತಿರುಗಿತು. ಮನೆಯೆದುರು ನಿಲ್ಲಿಸಿದಾಗ ದರ್ಜಿ ಕೊರಳಲ್ಲಿದ್ದ ಟೇಪು ತೆಗೆದು, ಹಿಂಭಾಗದ ಕಬ್ಬಿಣದ ಚೌಕಟ್ಟಿನ ತುದಿಯವರೆಗೂ ಅಳೆದ. ಹೋದ ತಿಂಗಳು ಟಾರ್ಪಾಲು ಹೊಲಿದುಕೊಟ್ಟವನು ಅವನೇ, ಹಳೆಯ ಅಳತೆ ಬಾಯಲ್ಲೇ ಇತ್ತು.

"ಮೂರು ಇಂಚು ಬೆಳೆದಿದೆ ನೀರಣ್ಣ. ಪ್ಯಾಂಟಾಗಿದ್ರೆ ಮಡಚಿ ಹೊಲೀತಿದ್ದೆ."

ನೀರಣ್ಣನಿಗೆ ನಗು ಬರಲಿಲ್ಲ. ಗಂಟೆ ಹತ್ತಾಗಿತ್ತು. ಐವತ್ತು ಕ್ಯಾನ್ ಹೇರಿ, ಸೊಂಟ ಹಿಡಿದುಕೊಂಡು ಹೊರಟ.

ಕಚೇರಿಯ ಗೇಟು ಕಂಡದ್ದೇ ಅವನು ವೇಗ ತಗ್ಗಿಸಿದ. ಮೊದಲ ಗೇರಿಗೆ ಹಾಕಿ, ಉಸಿರು ಬಿಗಿಹಿಡಿದು, ಕಣ್ಣನ್ನೂ ಮುಚ್ಚಿ ಆಕ್ಸಿಲರೇಟರ್ ಒತ್ತಿದ. ಕುಲುಕಲಿಲ್ಲ, ಕೆರೆಯಲಿಲ್ಲ, ಗಾಡಿ ತೊಟ್ಟಿಲಿನಂತೆ ತೇಲಿ ಒಳಗೆ ಹೋಯಿತು. ಕಣ್ಣು ಬಿಟ್ಟಾಗ ಗೇಟು ದಾಟಿಯಾಗಿತ್ತು. ಮದುವೆಯಾದಾಗಿನಿಂದ ಮೊದಲ ಬಾರಿಗೆ ಭಾವಮೈದನನ್ನು ಮನಸಾರೆ ಹರಸಿದ.

ಕ್ಯಾನ್ ಇಳಿಸುವುದು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ. ಅದರ ಬಾಗಿಲಿಗೆ ಅಡ್ಡಲಾಗಿ ಒಂದು ಕಾಂಕ್ರೀಟು ತೊಲೆ. ಗಾಡಿಯ ಚೌಕಟ್ಟು ತೊಲೆಯ ಕೆಳಗೆ ಒಂದು ಬೆರಳು ಜಾಗ ಬಿಟ್ಟು ನುಸುಳಿತು. ಅದನ್ನು ವಾಚ್‌ಮನ್ ನೋಡಿದ, ನೀರಣ್ಣ ನೋಡಲಿಲ್ಲ.

ಮೇಡಂ ಗಡಿಯಾರ ನೋಡಿ ತಲೆದೂಗಿದರು. "ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ. ಮೀಟಿಂಗ್ ಮುಗಿಸಿ ಒಪ್ಪಂದದ ಕಾಗದ ತರ್ತೀನಿ, ಇರಿ."

ನೀರಣ್ಣ ತುಂಬಿದ ಕ್ಯಾನ್ ಇಳಿಸಿ, ಸೋಮವಾರದ ಖಾಲಿ ಕ್ಯಾನ್ ಹೇರಿದ. ಮೇಡಂ ಬರುವಷ್ಟರಲ್ಲಿ ಗಾಡಿ ಹೊರಗಿಡೋಣವೆಂದು ರಿವರ್ಸ್ ತೆಗೆದ. ಢಣ್ ಎಂದಿತು. ಇಳಿದು ನೋಡಿದರೆ ಚೌಕಟ್ಟು ತೊಲೆಗೆ ಬಡಿದಿತ್ತು. ಒಂದು ಟನ್ ನೀರು ಇಳಿದದ್ದೇ, ಒತ್ತಿಕೊಂಡಿದ್ದ ಸ್ಪ್ರಿಂಗುಗಳು ಮೈಮುರಿದೆದ್ದಿದ್ದವು.

"ಬರುವಾಗ ಬಂತಲ್ಲ, ಹೋಗುವಾಗ ಏಕೆ ಹೋಗಲ್ಲ?" ಎಂದು ವಾಚ್‌ಮನ್ ತಾನೇ ಹಿಂದೆ ಹತ್ತಿ ಕೂತ. ಕಡ್ಡಿಯಂಥ ಮನುಷ್ಯ, ಗಾಡಿ ಕೂದಲೆಳೆಯಷ್ಟೂ ತಗ್ಗಲಿಲ್ಲ. ಟೈರಿನ ಗಾಳಿ ಬಿಡೋಣವೆಂದರೆ ಮತ್ತೆ ತುಂಬಲು ಪಂಪಿಲ್ಲ. ನೀರಣ್ಣ ಅಳುವ ದನಿಯಲ್ಲಿ ಮತ್ತೆ ಭಾವಮೈದನಿಗೆ ಫೋನು ಮಾಡಿದ.

"ಪಕ್ಕದಲ್ಲಿ ನಲ್ಲಿ ಇದೆಯಾ ಭಾವ?"

"ಕಾರು ತೊಳೆಯೋ ನಲ್ಲಿ ಇದೆ."

"ಕೈಲಿ ಖಾಲಿ ಕ್ಯಾನ್ ಇಟ್ಕೊಂಡು ಅಳ್ತೀರಲ್ಲ! ತುಂಬಿಸಿ, ಗಾಡಿ ತಾನೇ ಕೂರುತ್ತೆ. ಹೊರಗೆ ಬಂದು ಚೆಲ್ಲಿಬಿಡಿ."

ನೀರಣ್ಣ ಪೈಪು ಹಿಡಿದು ಕೂತ. ಕುಲುಕಾಡಿ ಚೆಲ್ಲದಿರಲೆಂದು ವಾಚ್‌ಮನ್ ಒಂದೊಂದೇ ಮುಚ್ಚಳ ಒತ್ತಿ ಮೇಲಿಟ್ಟ. ನಲವತ್ತೊಂದನೇ ಕ್ಯಾನಿಗೆ ಗಾಡಿ ಸಾಕಷ್ಟು ತಗ್ಗಿತು. ನಲವತ್ತೆರಡನೆಯದು ತುಂಬುತ್ತಿದ್ದಾಗ ಲಿಫ್ಟಿನ ಬಾಗಿಲು ತೆರೆಯಿತು. ಕೈಯಲ್ಲಿ ಕಾಗದ ಹಿಡಿದ ಮೇಡಂ. ಅವರ ಹಿಂದೆ, ಮೀಟಿಂಗ್ ಮುಗಿಸಿ ಊಟಕ್ಕೆ ಹೊರಟ ಹತ್ತು ಹನ್ನೆರಡು ಜನ.

ಎಲ್ಲರೂ ಪೈಪನ್ನೇ ನೋಡಿದರು. ನೀರು ಬುಳುಬುಳು ಎನ್ನುತ್ತಿತ್ತು.

"ಹಾಗಾದ್ರೆ ಇಷ್ಟು ದಿನ ನಾವು ಕುಡಿದದ್ದು ಇದನ್ನೇ?" ಎಂದರು ಮೇಡಂ ಮೆಲ್ಲಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಏನೂ ತಪ್ಪು ಮಾಡದ ನೀರಣ್ಣ ಒದ್ದೆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಇಲ್ಲ ಮೇಡಂ! ಇದು ಕುಡಿಯೋಕಲ್ಲ. ಗಾಡಿ ತಗ್ಗಿಸೋಕೆ."

"ನೀರು ತುಂಬಿಸಿದ್ರೆ ಗಾಡಿ ಕುಳ್ಳ ಆಗುತ್ತಂತೆ ಕೇಳಿ!" ಎಂದು ಒಬ್ಬ ನಕ್ಕ. "ಅದಕ್ಕೇ ನಂಗೆ ಹದಿನೈದು ದಿನದಿಂದ ಹೊಟ್ಟೆನೋವು" ಎಂದು ಇನ್ನೊಬ್ಬಾಕೆ ಹೊಟ್ಟೆ ಹಿಡಿದುಕೊಂಡಳು.

"ಏನಪ್ಪಾ, ಇದು ನಲ್ಲಿ ನೀರು ತಾನೇ?" ಎಂದು ಮೇಡಂ ವಾಚ್‌ಮನ್‌ನನ್ನು ಕೇಳಿದರು.

"ಹೌದು ಮೇಡಂ, ನಲ್ಲೀದೇ. ಎಲ್ಲಕ್ಕೂ ನಾನೇ ಮುಚ್ಚಳ ಹಾಕಿದೆ" ಎಂದ ಆ ಪ್ರಾಮಾಣಿಕ.

"ಎಲ್ಲಾ ಚೆಲ್ಲಿ ಹೊರಡಿ."

"ಚೆಲ್ಲಿದ್ರೆ ಹೊರಡೋಕಾಗಲ್ಲ ಮೇಡಂ. ಈ ನೀರಿಲ್ಲದೆ ನಾನು ಹೊರಗೆ ಹೋಗೋಕೇ ಆಗಲ್ಲ!" ಎಂದು ನೀರಣ್ಣ ಕೈಮುಗಿದ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮೇಡಂ ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. "ಹಾಗೇ ತಗೊಂಡು ಹೋಗಿ. ಇನ್ಮೇಲೆ ಈ ಕಡೆ ಬರಬೇಡಿ."

ಗಾಡಿ ತೊಲೆಯ ಕೆಳಗೆ ಒಂದು ಬೆರಳು ಜಾಗ ಬಿಟ್ಟು ಸಲೀಸಾಗಿ ಹೊರಬಂತು. ಫೋನು ಗುನುಗಿತು. "ಹೊರಗೆ ಬಂದ್ರಾ ಭಾವ? ನನ್ನ ಮಾತು ಯಾವತ್ತಾದ್ರೂ ಸುಳ್ಳಾಗಿದೆಯಾ?" ನೀರಣ್ಣ ಫೋನನ್ನು ಸೀಟಿನ ಮೇಲಿಟ್ಟ.

ಗೇಟಿನ ಬಳಿ ಅಭ್ಯಾಸಬಲದಿಂದ ಮೊದಲ ಗೇರಿಗೆ ಇಳಿಸಿ, ಉಸಿರು ಬಿಗಿಹಿಡಿದ. ಗೇಟು ತೆರೆಯಲು ಓಡಿಬಂದ ವಾಚ್‌ಮನ್ ಕಿಟಕಿಗೆ ಬಗ್ಗಿದ.

"ಯಾಕಣ್ಣ ಇಷ್ಟು ನಿಧಾನ? ಹಂಪು ಎಲ್ಲಿದೆ ಈಗ? ಪಾಪ, ನೀರಿನವರಿಗೆ ತೊಂದರೆ ಆಗುತ್ತೆ ಅಂತ ಮೇಡಮ್ಮೇ ನಿಂತು ನಿನ್ನೆ ಸಂಜೆ ಕೀಳಿಸಿದ್ರಲ್ಲ."

ನೀರಣ್ಣ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ದೊಡ್ಡ ಟೈರುಗಳ ಕೆಳಗೆ ರಸ್ತೆ ಅಂಗೈಯಷ್ಟು ಸಮನಾಗಿತ್ತು. ಬಕೆಟ್ ಅಂಗಡಿಗೆ ಹೋಗಲು ಅಲ್ಲಿಂದ ಬಲಕ್ಕೆ ತಿರುಗಬೇಕು. ಗಾಡಿ ಒಂಚೂರೂ ತಕರಾರಿಲ್ಲದೆ ಬಲಕ್ಕೆ ತಿರುಗಿತು.