ನಾಲ್ಕಂಕಿಯ ದಾಂಪತ್ಯ

ರಗಳೆಯೆಲ್ಲ ಶುರುವಾದದ್ದು ಒಂದು ಚಿಲ್ಲರೆ ನಾಣ್ಯದಿಂದ. ಪರದೇಶದ ನಾಣ್ಯ, ಅದೂ ಅಲ್ಲಿಯ ನಾಣ್ಯಗಳಲ್ಲೆಲ್ಲ ತೀರಾ ಸಣ್ಣದು. ಉದ್ಯಾನದ ಮೂಲೆಯಲ್ಲಿದ್ದ ಶೌಚಾಲಯದ ಬಾಗಿಲಿಗೆ ಆ ನಾಣ್ಯ ತಿನ್ನಿಸಿದರೆ ಮಾತ್ರ ಅದು ಬಾಯಿ ಬಿಡುತ್ತಿತ್ತು. ಬೆಳಗಿನ ತಿರುಗಾಟಕ್ಕೆ ಬಂದಿದ್ದ ಡಬಲ್‌ಕೀಲಿಯವರ ಹೆಂಡತಿ ಆ ಬಾಗಿಲ ಮುಂದೆ ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದರು.

"ರೀ, ಒಂದು ನಾಣ್ಯ ಕೊಡಿ, ಬೇಗ!"

"ಎಲ್ಲಿಂದ ತರ್ಲೇ? ದುಡ್ಡು ಇನ್ನೂ ಬದಲಾಯಿಸಿಲ್ಲ."

"ಬಂದು ಎಂಟು ದಿನ ಆಯ್ತು! ಇವತ್ತು ವಾಪಸ್ ಹೊರಟಿದೀವಿ!"

"ಒಳ್ಳೇ ರೇಟು ಬರ್ಲಿ ಅಂತ ಕಾಯ್ತಿದೀನಿ."

ಜತೆಗೆ ಪ್ರವಾಸ ಬಂದಿದ್ದ, ಅವರದೇ ಬೀದಿಯ ಕೊನೆಮನೆ ಅಕ್ಕ ತಮ್ಮ ಕೈಚೀಲ ತಡಕಿ ಒಂದು ನಾಣ್ಯ ತೆಗೆದರು. "ತಗೊಳ್ಳಮ್ಮಾ, ಇದೊಂದು ಉಳಿದಿದೆ, ಮೊದಲು ಹೋಗಿ ಬಾ."

ಡಬಲ್‌ಕೀಲಿಯವರು ಅಡ್ಡ ಕೈ ಹಾಕಿದರು. "ಬೇಡಿ ಅಕ್ಕಾ. ತಗೊಂಡ ಮೇಲೆ ವಾಪಸ್ ಕೊಡಬೇಕು. ಯಾವ ರೇಟಲ್ಲಿ ಕೊಡೋದು? ವಿಮಾನ ನಿಲ್ದಾಣದ ರೇಟಲ್ಲೋ, ಬ್ಯಾಂಕಿನ ರೇಟಲ್ಲೋ? ಆಮೇಲೆ ಇದೇ ಮನಸ್ತಾಪ ಆಗುತ್ತೆ. ಹೋಟೆಲು ಇಲ್ಲೇ ಇದೆ, ಇಪ್ಪತ್ತೇ ನಿಮಿಷ. ಅಲ್ಲಿ ಪುಕ್ಕಟೆ."

ಆ ಇಪ್ಪತ್ತು ನಿಮಿಷ ಆ ತಾಯಿ ಹೇಗೆ ನಡೆದರೋ ದೇವರೇ ಬಲ್ಲ. ಹೋಟೆಲಿನ ಶೌಚಾಲಯದಿಂದ ಹೊರಗೆ ಬಂದವರು ಗಂಡನ ಮುಖ ನೋಡದೆ ಕೊನೆಮನೆ ಅಕ್ಕನ ಕಡೆ ತಿರುಗಿದರು. "ಅಕ್ಕಾ, ನೀವೇ ಸಾಕ್ಷಿ. ಊರಿಗೆ ಹೋಗಿ ಮನೆ ಬಾಗಿಲು ತೆಗೆಯೋವರೆಗೂ ಈ ಮನುಷ್ಯನ ಹತ್ರ ಒಂದಕ್ಷರ ಮಾತಾಡಿದ್ರೆ ಕೇಳಿ." ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅಂತಾರೆ. ಇಲ್ಲಿ ಅದು ಒಂದು ಬಿಲ್ಲೆಗೆ ಹೋಗಿತ್ತು.

ಡಬಲ್‌ಕೀಲಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಕಟ್ಟಿದ್ದು. ಬ್ಯಾಂಕಿನ ಲಾಕರ್ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಗುಮಾಸ್ತಿಕೆ ಮಾಡಿದವರು ಅವರು. ಅಲ್ಲಿ ಒಂದೊಂದು ಲಾಕರಿಗೂ ಎರಡೆರಡು ಕೀಲಿ: ಒಂದು ಬ್ಯಾಂಕಿನದು, ಒಂದು ಗಿರಾಕಿಯದು. ಎರಡೂ ಸೇರದೆ ಬಾಗಿಲು ತೆರೆಯದು. ಪ್ರಪಂಚದಲ್ಲಿ ಇದಕ್ಕಿಂತ ದೊಡ್ಡ ತತ್ವ ಇನ್ನೊಂದಿಲ್ಲವೆಂದು ಅವರು ನಂಬಿದ್ದರು. ಮನೆಯ ಸಕ್ಕರೆ ಡಬ್ಬಕ್ಕೂ ಎರಡು ಬೀಗ ಹಾಕಿಸಿದ್ದರು.

ಬೀದಿಯ ಹತ್ತು ಜನ ಸೇರಿ ಪ್ರವಾಸದ ಕಂಪನಿಗೆ ಹಣ ಕಟ್ಟಿದ ದಿನವೇ ಇವರ ಉಪನ್ಯಾಸ ಶುರುವಾಗಿತ್ತು. ವಿಮಾನ ನಿಲ್ದಾಣದಲ್ಲಿ ದುಡ್ಡು ಬದಲಾಯಿಸಿದರೆ ಹಗಲು ದರೋಡೆ. ಹೋಟೆಲಿನಲ್ಲಿ ಬದಲಾಯಿಸಿದರೆ ರಾತ್ರಿ ದರೋಡೆ. ಬೀದಿಯಲ್ಲಿ ಪಿಸುಗುಟ್ಟಿ ಕರೆಯುವವನು ಕೊಡುವುದೆಲ್ಲ ಖೋಟಾ ನೋಟು. "ನಿಮ್ಮ ಕಾರ್ಡುಗಳನ್ನ ಪರದೇಶಕ್ಕೆ ಆನ್ ಮಾಡಿಸ್ಲೇಬೇಡಿ, ಪ್ರತಿ ಸಲಕ್ಕೂ ಶುಲ್ಕ ಕೀಳ್ತಾರೆ" ಎಂದು ಎಲ್ಲರಿಗೂ ಹೇಳಿ, ತಾವು ಮಾತ್ರ ಶುಲ್ಕವೇ ಇಲ್ಲದ ವಿಶೇಷ ಕಾರ್ಡೊಂದನ್ನು ಮಾಡಿಸಿಕೊಂಡರು. ಅದರ ಗುಪ್ತಸಂಖ್ಯೆಗೆ ನಾಲ್ಕು ಅಂಕಿ. ಮೊದಲೆರಡು ಅಂಕಿಯನ್ನು ಹೆಂಡತಿ ಗುಟ್ಟಾಗಿ ಒತ್ತಿದರು, ಉಳಿದೆರಡನ್ನು ಇವರು ಒತ್ತಿದರು. ಒಬ್ಬರ ಅಂಕಿ ಇನ್ನೊಬ್ಬರಿಗೆ ಗೊತ್ತಾಗಬಾರದು.

"ಕಳ್ಳ ನಿನ್ನ ಹಿಡಿದು ಬಡಿದ್ರೂ ಅರ್ಧ ತಾನೇ ಸಿಗೋದು?" ಎಂದು ಹೆಂಡತಿಗೆ ಧೈರ್ಯ ಹೇಳಿದ್ದರು.

ಊಟ ವಸತಿಯೆಲ್ಲ ಕಂಪನಿಯದೇ ಆದ್ದರಿಂದ ಎಂಟು ದಿನ ಆ ಕಾರ್ಡಿಗೆ ಕೆಲಸವೇ ಬೀಳಲಿಲ್ಲ. ಅಂಗಿಯೊಳಗೆ ಕೊರಳಿಗೆ ಕಟ್ಟಿದ ಚೀಲದಲ್ಲಿ ಅದು ಸುಖವಾಗಿ ಬೆವರುತ್ತಿತ್ತು.

ಈಗ ತಿಂಡಿಯ ಮೇಜಿನ ವಿಷಯ. ಮಾತು ಬಿಟ್ಟ ಹೆಂಡತಿ ಹಣ್ಣಿನ ರಸದ ಲೋಟವನ್ನು ಮೇಜಿನ ಮೇಲೆ ದಡ್ ಎಂದು ಕುಕ್ಕಿದರು. ಅದು ಉರುಳಿತೋ ಉರುಳಿಸಿದರೋ, ಅಂತೂ ರಸವೆಲ್ಲ ಡಬಲ್‌ಕೀಲಿಯವರ ಪ್ಯಾಂಟಿನ ಪಾಲಾಯಿತು. ಪೆಟ್ಟಿಗೆಗಳನ್ನು ಬೆಳಗ್ಗೆಯೇ ಬಸ್ಸಿನ ಹೊಟ್ಟೆಗೆ ತುಂಬಿಯಾಗಿತ್ತು, ಬಸ್ಸಿನ ಚಾಲಕ ಡೀಸೆಲ್ ಹಾಕಿಸಲು ಹೋಗಿದ್ದ. ಹೋಟೆಲಿನವರ ಬಟ್ಟೆ ಒಗೆಯುವ ದರಪಟ್ಟಿ ನೋಡಿ ಡಬಲ್‌ಕೀಲಿಯವರಿಗೆ ತಲೆ ತಿರುಗಿತು.

"ಈ ದುಡ್ಡಿಗೆ ನಮ್ಮೂರಲ್ಲಿ ಎರಡು ಪ್ಯಾಂಟು ಬರುತ್ತೆ!"

ತಂಡದಲ್ಲಿದ್ದ ಬೀದಿಯ ಔಷಧಿ ಅಂಗಡಿಯವರು ಕೈಚೀಲದಿಂದ ತಮ್ಮದೊಂದು ಚಡ್ಡಿ ಕೊಟ್ಟರು. ಅವರು ಭಾರಿ ಆಳು. ಚಡ್ಡಿಯೊಳಗೆ ಇಬ್ಬರು ಡಬಲ್‌ಕೀಲಿಗಳಿಗೆ ಜಾಗವಿತ್ತು. ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹಿಂಬೀದಿಗೆ ಹೋಗಿ, ಅರ್ಧಕ್ಕರ್ಧ ಅಗ್ಗದ ಒಂದು ಲಾಂಡ್ರಿ ಹುಡುಕಿ, ಪ್ಯಾಂಟು ಕೊಟ್ಟು ಗೆದ್ದವರಂತೆ ಬಂದರು.

ಹನ್ನೆರಡು ಗಂಟೆಗೆ ಗೈಡು ಬಂದು ಚಪ್ಪಾಳೆ ತಟ್ಟಿದ. "ಸರಿಯಾಗಿ ಮೂರಕ್ಕೆ ಬಸ್ಸು ಹೊರಡುತ್ತೆ. ಎಲ್ರೂ ಪಾಸ್‌ಪೋರ್ಟ್ ಕೈಯಲ್ಲಿ ಇಟ್ಕೊಳ್ಳಿ. ಅದಿಲ್ದೆ ಇದ್ರೆ ವಿಮಾನ ಹತ್ತಿಸಲ್ಲ."

ಡಬಲ್‌ಕೀಲಿಯವರು ಚಡ್ಡಿಯ ಜೇಬು ತಡಕಿದರು. ಗಂಡ ಹೆಂಡತಿ ಇಬ್ಬರ ಪಾಸ್‌ಪೋರ್ಟೂ, ಊರಿನ ನೋಟುಗಳೂ ಪ್ಯಾಂಟಿನ ಒಳಜೇಬಿನಲ್ಲಿದ್ದವು. ಎರಡು ಜಿಪ್ಪು ಹಾಕಿಸಿ ಹೊಲಿಸಿದ ಗುಪ್ತ ಜೇಬು. ಎಷ್ಟು ಗುಪ್ತವೆಂದರೆ ಅವರಿಗೇ ನೆನಪಿರಲಿಲ್ಲ.

ಹೆಂಡತಿಯೊಬ್ಬರನ್ನು ಬಿಟ್ಟು ಎಲ್ಲರೂ ಲಾಂಡ್ರಿಗೆ ಓಡಿದರು. ಲಾಂಡ್ರಿಯ ಹೆಂಗಸು ಪ್ರಾಮಾಣಿಕಳು. ಒಗೆಯುವ ಮೊದಲೇ ಜೇಬು ಖಾಲಿ ಮಾಡಿ, ಪಾಸ್‌ಪೋರ್ಟು ನೋಟುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಇಸ್ತ್ರಿ ಮಾಡಿದ ಪ್ಯಾಂಟಿಗೆ ಪಿನ್ನು ಚುಚ್ಚಿ ನೇತುಹಾಕಿದ್ದಳು. ಡಬಲ್‌ಕೀಲಿಯವರು ಕೈ ಚಾಚಿದರು. ಅವಳು ಗೋಡೆಯ ಫಲಕ ತೋರಿಸಿದಳು. ಅದರಲ್ಲೊಂದು ಕಾರ್ಡಿನ ಚಿತ್ರ, ಅದರ ಮೇಲೆ ಕೆಂಪು ಗೀಟು.

"ನಗದು ಮಾತ್ರವಂತೆ, ಅದೂ ಇಲ್ಲಿಯ ದುಡ್ಡಂತೆ" ಎಂದ ಗೈಡು. "ನಿಮ್ಮ ಊರಿನ ನೋಟು ಅವಳಿಗೆ ಬೇಡ. ಹೋದ ತಿಂಗಳು ಯಾರೋ ಪ್ರವಾಸಿ ನಾಮ ಹಾಕಿ ಹೋದನಂತೆ. ರಾಜನೇ ಬಂದ್ರೂ ದುಡ್ಡು ಕೊಡದೆ ಬಟ್ಟೆ ಕೊಡಲ್ಲ ಅಂತಾಳೆ."

"ನೀನೇ ಕೊಡಪ್ಪಾ, ಆಮೇಲೆ ಲೆಕ್ಕ ಮಾಡೋಣ."

"ನನ್ನ ಹತ್ರ ಇರೋದು ಬಸ್ಸಿನ ಟೋಲಿನ ದುಡ್ಡು ಸಾರ್. ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ."

ಡಬಲ್‌ಕೀಲಿಯವರು ಬೀದಿಯವರ ಕಡೆ ತಿರುಗಿದರು. ಯಾರ ಹತ್ತಿರವೂ ಬಿಡಿಗಾಸಿಲ್ಲ. ಕೊನೆಯ ದಿನ ಎಂದು ಎಲ್ಲರೂ ಇದ್ದಬದ್ದ ಚಿಲ್ಲರೆಯನ್ನೆಲ್ಲ ಗೊಂಬೆ, ಟೋಪಿ ಅಂತ ಮುಗಿಸಿದ್ದರು. ಅಕ್ಕನ ಆ ಒಂದು ನಾಣ್ಯವೂ ತೂಕ ನೋಡುವ ಯಂತ್ರಕ್ಕೆ ಹೋಗಿತ್ತು.

"ಮೇಷ್ಟ್ರೇ, ನಿಮ್ಮ ಕಾರ್ಡಲ್ಲಿ ಸ್ವಲ್ಪ ತೆಗೆದುಕೊಡಿ."

ಬೀದಿಯ ಲೆಕ್ಕದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಅಲ್ರೀ, ಆನ್ ಮಾಡಿಸಬೇಡಿ ಅಂತ ಹೇಳಿದ್ದು ನೀವೇ ತಾನೇ? ನಾನು ಮಾಡಿಸಿಲ್ಲ. ಯಾರೂ ಮಾಡಿಸಿಲ್ಲ. ನಿಮ್ಮ ಮಾತು ನಮಗೆ ವೇದವಾಕ್ಯ ಅಲ್ವಾ?"

ಔಷಧಿ ಅಂಗಡಿಯವರು ಮಾತ್ರ ಮೆಲ್ಲಗೆ ಒಂದು ನೋಟು ಹೊರತೆಗೆದರು. "ಇದೊಂದು ಉಳಿದಿದೆ. ಕೊಡ್ತೀನಿ. ಆದ್ರೆ ನಾನು ವಿಮಾನ ನಿಲ್ದಾಣದಲ್ಲಿ ತಗೊಂಡ ರೇಟಿಗೇ ಕೊಡಬೇಕು."

"ಆ ರೇಟಾ? ನೂರಕ್ಕೆ ಹನ್ನೆರಡು ಜಾಸ್ತಿ! ಕತ್ತು ಕುಯ್ತೀರಾ? ಶುಲ್ಕವೇ ಇಲ್ಲದ ಕಾರ್ಡು ಕೊರಳಲ್ಲಿ ಇಟ್ಕೊಂಡು ನಾನ್ಯಾಕೆ ಹನ್ನೆರಡು ಕೊಡಲಿ?" ಎಂದು ಡಬಲ್‌ಕೀಲಿಯವರು ಚಡ್ಡಿ ಎಳೆದುಕೊಂಡು ಹೋಟೆಲಿನ ಮುಂದಿನ ಚೌಕದ ಹಣದ ಯಂತ್ರದತ್ತ ಹೊರಟರು. ಹತ್ತು ಹೆಜ್ಜೆ ಹೋದ ಮೇಲೆ ಅವರಿಗೆ ಮೊದಲೆರಡು ಅಂಕಿ ಯಾರ ಹತ್ತಿರ ಇದೆ ಎಂಬುದು ನೆನಪಾಯಿತು.

ಹೆಂಡತಿ ಚೌಕದ ಕಲ್ಲುಬೆಂಚಿನ ಮೇಲೆ ಕೂತು ಪಾರಿವಾಳ ನೋಡುತ್ತಿದ್ದರು.

"ಲೇ, ಆ ಎರಡು ಅಂಕಿ ಒತ್ತು ಬಾರೇ."

ಆಕೆ ಮುಖವನ್ನು ಇನ್ನೊಂದು ಪಾರಿವಾಳದತ್ತ ತಿರುಗಿಸಿದರು.

"ಮಾತಾಡೋದೇ ಬೇಡ, ಬಂದು ಬೆರಳಲ್ಲಿ ಒತ್ತು, ಸಾಕು."

ಆಕೆ ಹತ್ತೂ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡರು.

"ನಿನ್ನ ಪಾಸ್‌ಪೋರ್ಟೂ ಅಲ್ಲೇ ಇದೆ ಕಣೇ! ನೀನೂ ಇಲ್ಲೇ ಕೊಳೀಬೇಕಾಗುತ್ತೆ!"

"ಅಕ್ಕಾ" ಎಂದರು ಆಕೆ ಕೊನೆಮನೆ ಅಕ್ಕನಿಗೆ, "ಅವರಿಗೆ ಹೇಳಿ, ನನಗೆ ಈ ಊರು ಬಹಳ ಹಿಡಿಸಿದೆ ಅಂತ."

ಅಕ್ಕ ತಿರುಗಿ, ಎರಡಡಿ ದೂರದಲ್ಲಿದ್ದ ಡಬಲ್‌ಕೀಲಿಯವರಿಗೆ ಅದನ್ನೇ ಗಟ್ಟಿಯಾಗಿ ಹೇಳಿದರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಮೇಷ್ಟ್ರು ಸಮಾಧಾನ ಹೇಳಹೋದರು. "ಮೂರು ಗಂಟೆಗೆ ಬಸ್ಸು ರೀ! ಉಣ್ಣೋಕೂ ಟೈಮಿಲ್ಲ, ಮಲಗೋಕೂ ಟೈಮಿಲ್ಲ!" ಎಂದು ಡಬಲ್‌ಕೀಲಿಯವರು ಅವರ ಮೇಲೆ ಹಾರಿಬಿದ್ದರು. ಸೋತು ಸುಣ್ಣವಾಗಿ ಔಷಧಿ ಅಂಗಡಿಯವರ ಹತ್ತಿರ ಓಡಿದರು.

"ಆಗಲಿ ಸಾರ್, ಹನ್ನೆರಡಕ್ಕೇ ಕೊಡಿ. ಸಾಯ್ಲಿ."

ಔಷಧಿ ಅಂಗಡಿಯವರು ಐಸ್‌ಕ್ರೀಮ್ ನೆಕ್ಕುತ್ತಿದ್ದರು. "ಅಯ್ಯೋ, ನಿಮಗೆ ಬೇಡ ಅಂದ್ಕೊಂಡೆ. ಎಲ್ರಿಗೂ ಕೊಡಿಸಿಬಿಟ್ಟೆ. ನಿಮ್ಮದೂ ಒಂದಿತ್ತು, ಕರಗುತ್ತೆ ಅಂತ ನಾನೇ ತಿಂತಾ ಇದೀನಿ."

ಗಂಟೆ ಎರಡು ದಾಟಿತು. ಡಬಲ್‌ಕೀಲಿಯವರು ಬೆಂಚಿನ ಮುಂದೆ ಬಂದು ನಿಂತರು. ಕಣ್ಣಲ್ಲಿ ನೀರೇ ಬಂದಿತ್ತು. "ಅಕ್ಕಾ, ಏನು ಬೇಕಂತೆ ಕೇಳಿ."

ಅಕ್ಕ ಕಿವಿ ಕೊಟ್ಟು ಕೇಳಿ ಬಂದರು. "ಮೊದಲನೇ ಅಂಕಿಗೆ, ಇನ್ಮೇಲೆ ಮನೆ ದುಡ್ಡೆಲ್ಲ ಅವಳ ಕೈಯಲ್ಲಿ ಇರಬೇಕಂತೆ."

"ಎಲ್ಲಾನೂ? ಅರ್ಧ ಅಂತ ಕೇಳಿ."

"ಅರ್ಧಕ್ಕೆ ಅರ್ಧ ಅಂಕಿ ಒತ್ತೋಕಾಗುತ್ತಾ ಅಂತ ಕೇಳ್ತಿದಾಳೆ."

"ಸರಿ, ಎಲ್ಲಾನೂ. ಎರಡನೇದಕ್ಕೆ?"

"ಅವಳ ತಮ್ಮ ಬಂದು ಆರು ತಿಂಗಳು ನಿಮ್ಮನೇಲಿ ಇರ್ತಾನಂತೆ."

"ಡ್ರಮ್ಮು ಕಲೀತಿದಾನಲ್ಲ, ಅವನಾ?"

"ಡ್ರಮ್ಮಿನ ಸಮೇತವಂತೆ."

ಡಬಲ್‌ಕೀಲಿಯವರು ಕೈಗಡಿಯಾರ ನೋಡಿದರು. ಎರಡೂ ಮುಕ್ಕಾಲು. ಇಪ್ಪತ್ತೇಳು ವರ್ಷದಲ್ಲಿ ಇಷ್ಟು ಕೆಟ್ಟ ರೇಟನ್ನು ಅವರು ಕಂಡಿರಲಿಲ್ಲ. ಕಣ್ಣು ಮುಚ್ಚಿ "ಆಗಲಿ" ಎಂದರು. ಮೇಷ್ಟ್ರು ಟೂರಿನ ಕಾಗದದ ಬೆನ್ನಿಗೆ ಎರಡೂ ಷರತ್ತು ಬರೆದು ರುಜು ಹಾಕಿಸಿಕೊಂಡರು.

ಯಂತ್ರದ ಮುಂದೆ ಬಂದಮೇಲೂ ಡಬಲ್‌ಕೀಲಿಯವರ ಎಚ್ಚರಿಕೆ ತಪ್ಪಲಿಲ್ಲ. "ಎಲ್ರೂ ಸುತ್ತ ನಿಂತ್ಕೊಳ್ಳಿ, ಕೊಡೆ ಬಿಚ್ಚಿ, ಬೆನ್ನು ತಿರುಗಿಸಿ!" ಎಂಟು ಕೊಡೆ ಬಿಚ್ಚಿದವು. ಬ್ಯಾಂಕಿನ ಕಾವಲುಗಾರ ಇದೇನೋ ದರೋಡೆ ಎಂದು ಲಾಠಿ ಹಿಡಿದು ಓಡಿಬಂದ. ಗೈಡು ಅವನ ಕಿವಿಯಲ್ಲಿ ಏನೋ ಹೇಳಿದ. ಅವನು ಕನಿಕರದಿಂದ ಚಡ್ಡಿಯನ್ನೊಮ್ಮೆ ನೋಡಿ, ತಾನೂ ಬೆನ್ನು ತಿರುಗಿಸಿ ನಿಂತ.

ಕಾರ್ಡು ಒಳಗೆ ಹೋಯಿತು. ಡಬಲ್‌ಕೀಲಿಯವರು ಒಂದು ಕೈಯಲ್ಲಿ ಗುಂಡಿಗಳನ್ನು ಮರೆಮಾಡಿ, ಇನ್ನೊಂದರಲ್ಲಿ ಚಡ್ಡಿ ಹಿಡಿದು, ತಾವೂ ಮುಖ ಅತ್ತ ಮಾಡಿದರು. ಹೆಂಡತಿ ಕೈ ತೂರಿಸಿ ಒತ್ತಿದರು. ಪೀಂ. ಪೀಂ. ಪರದೆಯ ಮೇಲೆ ಎರಡು ಚುಕ್ಕಿ ಮೂಡಿದವು.

"ಬದುಕಿದೆ ತಾಯೀ!" ಎಂದು ಡಬಲ್‌ಕೀಲಿಯವರು ತಿರುಗಿ ತೋರುಬೆರಳು ಚಾಚಿದರು.

ಬೆರಳು ಗುಂಡಿಗಳ ಮೇಲೆ ಗಾಳಿಯಲ್ಲೇ ನಿಂತಿತು. ಏಳರ ಹತ್ತಿರ ಹೋಯಿತು, ಹಿಂದೆ ಬಂತು. ಮೂರರ ಹತ್ತಿರ ಹೋಯಿತು, ಮತ್ತೆ ಹಿಂದೆ ಬಂತು. ಮಧ್ಯಾಹ್ನದಿಂದ ಹೆಂಡತಿಯ ಎರಡು ಅಂಕಿಗಾಗಿ ಪರದಾಡಿದ್ದರು, ತಮ್ಮ ಎರಡು ಅಂಕಿ ಯಾವುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ತಿಂಗಳ ಹಿಂದೆ ಒಂದೇ ಒಂದು ಸಲ ಒತ್ತಿದ್ದು. ಸುರಕ್ಷತೆಗೆ ಎಲ್ಲೂ ಬರೆದಿಟ್ಟಿರಲಿಲ್ಲ.

"ಒತ್ತಿ ಸಾರ್!" ಎಂದ ಗೈಡು ಕೊಡೆಯಾಚೆಯಿಂದ. "ಬಸ್ಸು ಬಂತು!"

"ಏನಾಯ್ತ್ರೀ?" ಎಂದರು ಮೇಷ್ಟ್ರು.

"ಮರೆತುಹೋಯ್ತು" ಎಂದರು ಡಬಲ್‌ಕೀಲಿಯವರು.

ಹೆಂಡತಿ ನಿಧಾನವಾಗಿ ಕೊನೆಮನೆ ಅಕ್ಕನ ಭುಜ ಮುಟ್ಟಿದರು.

"ಅಕ್ಕಾ, ಅವರಿಗೆ ಹೇಳಿ, ಆ ಎರಡು ಅಂಕಿ ನನಗೆ ಗೊತ್ತು ಅಂತ. ಕಾರ್ಡು ಬಂದಾಗಿಂದ ನಿದ್ದೆಯಲ್ಲಿ ದಿನಾ ಅದನ್ನೇ ಬಡಬಡಿಸ್ತಾರೆ."

"ಹಾಗಾದ್ರೆ ಒತ್ತೇ! ಒತ್ತೇ ಪುಣ್ಯಾತ್ಗಿತ್ತೀ!" ಎಂದು ಡಬಲ್‌ಕೀಲಿಯವರು ಎರಡೂ ಕೈ ಜೋಡಿಸಿದರು. ಚಡ್ಡಿ ಕಾಲಬುಡಕ್ಕೆ ಬಿತ್ತು. ಕಾವಲುಗಾರ ಮಾತ್ರ ಮರ್ಯಾದಸ್ಥ, ತಿರುಗಿ ನೋಡಲಿಲ್ಲ.

ಹೆಂಡತಿ ಹತ್ತೂ ಬೆರಳನ್ನು ಮತ್ತೆ ಸೆರಗಿನೊಳಗೆ ಸೇರಿಸಿದರು. "ಅಕ್ಕಾ, ಇದನ್ನೂ ಹೇಳಿಬಿಡಿ. ಆ ಎರಡು ಅಂಕಿಯ ರೇಟು ಬೇರೆ, ಈ ಎರಡರ ರೇಟು ಬೇರೆ."

ಯಂತ್ರ ಇನ್ನೂ ಸಮಯ ಬೇಕೇ ಎಂದು ಕೇಳುತ್ತಿತ್ತು. ಚೌಕದ ಆಚೆ ಬಸ್ಸಿನ ಹಾರ್ನು ಬಡಿದುಕೊಳ್ಳತೊಡಗಿತು. ಡಬಲ್‌ಕೀಲಿಯವರು ಬಗ್ಗಿ ಚಡ್ಡಿ ಎತ್ತಿಕೊಂಡು ಅಕ್ಕನ ಮುಖ ನೋಡಿದರು.

"ಎಷ್ಟಂತೆ?"